ಕನ್ಸರ್ವೆನ್ಸಿ ಓಣಿ: ಹಳೆಯ ಬಡಾವಣೆಗಳಲ್ಲಿ ಜಾಗ ಯಾರಿಗೆ?

ದಲಿತ ವಿಮರ್ಶೆ ಎಂದರೆ ಕಥೆ, ಕವಿತೆ, ಕಾದಂಬರಿಗಳ ವಿಮರ್ಶೆ ಎಂದೇ ನಾವು ಬಹಳ ದಿನ ತಿಳಿದುಕೊಂಡು ಬಂದಿದ್ದೇವೆ. ಪಂಪನನ್ನು ಹೇಗೆ ಓದಬೇಕು, ವಚನಗಳನ್ನು ಯಾರ ಕಣ್ಣಿಂದ ನೋಡಬೇಕು ಎಂದು ಜಗಳವಾಡಿದ್ದೇವೆ. ಅದು ಆಗಬೇಕಾದ ಜಗಳವೇ. ಆದರೆ ನಾವು ದಿನವೂ ನಡೆದಾಡುವ ಬೀದಿ, ಬಾಡಿಗೆ ಕೇಳಿಕೊಂಡು ಹೋಗಿ ನಿಲ್ಲುವ ಮನೆಬಾಗಿಲು, ಆ ಮನೆಯ ನಕ್ಷೆ, ಇವನ್ನೂ ಯಾರೋ ಕೂತು ಬರೆದಿದ್ದಾರೆ. ಯಾರು ಮುಂದಿನಿಂದ ಬರಬೇಕು, ಯಾರು ಹಿಂದಿನಿಂದ ಬರಬೇಕು ಎಂದು ಯೋಚಿಸಿ ಗೆರೆ ಎಳೆದಿದ್ದಾರೆ. ಊರಿನ ನಕ್ಷೆಯೂ ಒಂದು ಪಠ್ಯವೇ. ಅದನ್ನು ಕೇರಿಯ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಪಠ್ಯವಾಗಿ ಇಟ್ಟುಕೊಂಡಿರುವುದು ಬೆಂಗಳೂರಿನ ಹಳೆಯ ಬಡಾವಣೆಗಳನ್ನು.

ಈ ಓದಿಗೆ ಈಗ ಒಂದು ತುರ್ತೂ ಇದೆ. ನಗರಯೋಜನೆಯವರು, ವಾಸ್ತುಶಿಲ್ಪಿಗಳು ಈಚಿನ ವರ್ಷಗಳಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ. ಊರು ಹೊರಗೆ ಹೊರಗೆ ಹರಡಿಕೊಳ್ಳುವುದು ಸಾಕು. ನೆಲೆಗೊಂಡ ಬಡಾವಣೆಗಳ ಒಳಗೇ, ಖಾಲಿ ಬಿದ್ದ ಸೈಟುಗಳಲ್ಲಿ, ಹಳೇ ಬಂಗಲೆಗಳ ಹಿತ್ತಿಲುಗಳಲ್ಲಿ ಮೂರು ನಾಲ್ಕು ಅಂತಸ್ತಿನ ಮನೆಗಳನ್ನು ಒತ್ತಾಗಿ, ಆದರೆ ಗಾಳಿ ಬೆಳಕು ಬರುವಂತೆ ಕಟ್ಟೋಣ ಅಂತ. ಮುಗಿಲಿಗೆ ಮುಟ್ಟುವ ಗೋಪುರವೂ ಬೇಡ, ಒಂಟಿ ಬಂಗಲೆಯೂ ಬೇಡ, ನಡುವಿನದು ಬೇಕು ಅಂತ. ಈ ಮಾತಿನಲ್ಲಿ ಹುರುಳಿದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅದೂ ಮೇಲಕ್ಕೆ ಪಂಪ್ ಆಗಿ. ಹೊಸದಾಗಿ ಒಂದು ಬಡಾವಣೆ ಎದ್ದರೆ ಆ ಕೊಳವೆಯನ್ನು ಇನ್ನಷ್ಟು ದೂರ ಎಳೆಯಬೇಕು. ಹಳೆಯ ಬಡಾವಣೆಯಲ್ಲಾದರೆ ನೀರು, ಚರಂಡಿ, ಬಸ್ಸು, ಶಾಲೆ, ಆಸ್ಪತ್ರೆ ಎಲ್ಲವೂ ಇವೆ. ಹಾಗೆ ನೋಡಿದರೆ ದಲಿತರಿಗೂ ಈ ವಾದದಲ್ಲಿ ಪಾಲಿದೆ. ಆನೇಕಲ್ ಕಡೆಗೋ ದೇವನಹಳ್ಳಿ ಕಡೆಗೋ ನಗರ ಉಕ್ಕಿ ಹರಿದಾಗ ಮೊದಲು ಮುಳುಗುವ ಜಮೀನುಗಳಲ್ಲಿ ದರಖಾಸ್ತಿನಲ್ಲಿ, ಇನಾಮಿನಲ್ಲಿ ನಮ್ಮವರಿಗೆ ಬಂದ ತುಂಡುಗಳಿರುತ್ತವೆ. ಅವು ಕೈಜಾರಬಾರದು ಅಂತಲೇ 1978ರಲ್ಲಿ ಪರಭಾರೆ ನಿಷೇಧ ಕಾಯಿದೆ ತಂದದ್ದು. ಕಾಯಿದೆ ಬಂದ ಮೇಲೂ ಅವು ಹೇಗೆ ಹೋದವು ಅನ್ನೋದು ಬೇರೆ ಕಥೆ, ಅದು ಇಲ್ಲಿ ಬೇಡ.

ನನ್ನ ತಕರಾರು ಒತ್ತಾಗಿ ಕಟ್ಟುವುದರ ಬಗ್ಗೆ ಅಲ್ಲ. ಹಳೆಯ ಬಡಾವಣೆಯಲ್ಲಿ ‘ಖಾಲಿ ಜಾಗ’ ಇದೆ ಅನ್ನುತ್ತಾರಲ್ಲ, ಅದು ಖಾಲಿಯಾಗಿ ಉಳಿದದ್ದು ಹೇಗೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆ ಚರಿತ್ರೆ ಗೊತ್ತಿಲ್ಲದೆ ಅಲ್ಲಿ ಮನೆ ಕಟ್ಟಿದರೆ ಹಳೆಯ ಮನೆಯನ್ನೇ ಒಂದರ ಮೇಲೊಂದು ಪೇರಿಸಿದ ಹಾಗಾಗುತ್ತದೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು, ಪೇಟೆ ಬಿಟ್ಟು ಜನ ಗುಳೆ ಹೊರಟರು, ಮನೆಗಳ ಹೆಂಚು ತೆಗೆಸಿದರು, ಕೆಲವನ್ನು ಕೆಡವಿದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬುದು ಆಗ ಇನ್ನೂ ಎಲ್ಲರೂ ಒಪ್ಪಿದ ಸಂಗತಿಯಾಗಿರಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಪೇಟೆಯ ಒತ್ತೊತ್ತು ಮನೆ, ಕೊಳಕು, ಕೆಟ್ಟ ಗಾಳಿ. ರೋಗಕ್ಕೆ ಮದ್ದು ದೂರ, ಎಂದರೆ ಮನೆಗೂ ಮನೆಗೂ ನಡುವೆ ಅಂತರ. ಚಾಮರಾಜಪೇಟೆ 1892ರಲ್ಲೇ ಬಂದಿತ್ತು. ಪ್ಲೇಗಿನ ಬೆನ್ನಿಗೆ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ನೇರ ಬೀದಿ, ಅಡ್ಡರಸ್ತೆ, ಅಳತೆ ಮಾಡಿದ ಸೈಟು, ಸೈಟಿನ ಸುತ್ತ ಬಿಟ್ಟ ಜಾಗ. ಸೈಟು ಹಂಚುವಾಗ ಜಾತಿ ಮತಗಳ ಪ್ರಕಾರ ಭಾಗಗಳನ್ನೂ ಗೊತ್ತುಮಾಡಿದ್ದರು. ಅಂದರೆ ಆರೋಗ್ಯದ ಅಂತರ ಮತ್ತು ಮಡಿಯ ಅಂತರ ಎರಡೂ ಒಂದೇ ನಕ್ಷೆಯಲ್ಲಿ ಕೂತವು. ಇಂಗ್ಲಿಷರ ಸ್ಯಾನಿಟರಿ ಶಾಸ್ತ್ರ, ನಮ್ಮ ಮೇಲ್ಜಾತಿಗಳ ಮೈಲಿಗೆ ಶಾಸ್ತ್ರ ಇವೆರಡಕ್ಕೆ ಜಗಳವೇ ಆಗಲಿಲ್ಲ. ಬೀಗರ ಹಾಗೆ ಕೂತು ಮಾತಾಡಿಕೊಂಡವು. ದಂಡಿನ ಕಡೆ ಫ್ರೇಜರ್ ಟೌನ್ ಕಟ್ಟುವ ಹೊತ್ತಿಗೆ, ಅಂದರೆ 1910ರ ಸುಮಾರಿಗೆ, ಇಲಿಯ ವಿಷಯ ಗೊತ್ತಾಗಿತ್ತು. ಇಲಿ ಸೇರದ ಮನೆ ಕಟ್ಟುವುದು ಹೇಗೆ ಎಂದು ಜೆ.ಎಚ್. ಸ್ಟೀಫನ್ಸ್ ಎಂಬ ಅಧಿಕಾರಿ 1914ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಇಲಿ ಎಲ್ಲಿಂದ ಬರುತ್ತೆ ಅಂತ ಅಷ್ಟು ಸೂಕ್ಷ್ಮವಾಗಿ ನೋಡಿದ ಕಾಲದಲ್ಲೂ ಮನೆಯ ಹಿಂದಿನಿಂದ ಬರುವ ಮನುಷ್ಯನ ಬಗ್ಗೆ ನಕ್ಷೆ ಬದಲಾಗಲಿಲ್ಲ.

ಆ ಮನುಷ್ಯ ಬರುತ್ತಿದ್ದ ದಾರಿಯೇ ಕನ್ಸರ್ವೆನ್ಸಿ ಓಣಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಫ್ರೇಜರ್ ಟೌನುಗಳಲ್ಲಿ ಓಡಾಡಿದವರಿಗೆ ಇದು ಗೊತ್ತು. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ, ಆ ಬೆನ್ನುಗಳ ನಡುವೆ ಹತ್ತು ಹದಿನೈದು ಅಡಿ ಅಗಲದ ಒಂದು ಸಂದಿ. ಮನೆಯ ಮುಂದೆ ಬೀದಿ, ಬೀದಿಗೆ ಹೆಸರು, ಮನೆಗೆ ನಂಬರು, ಗೇಟು, ಜಗಲಿ, ರಂಗೋಲಿ. ಹಿಂದೆ ಹಿತ್ತಿಲು, ಹಿತ್ತಿಲಿನ ತುದಿಯಲ್ಲಿ ಕಕ್ಕಸು, ಕಕ್ಕಸಿನ ಹಿಂಬದಿ ಗೋಡೆಯಲ್ಲಿ ಓಣಿಯ ಕಡೆಗೆ ಒಂದು ಸಣ್ಣ ಕಿಂಡಿ. ಬೆಳಗಿನ ಜಾವ ಜಾಡಮಾಲಿ ಆ ಕಿಂಡಿಯಿಂದ ಬಕೆಟ್ಟನ್ನು ಎಳೆದುಕೊಂಡು, ಖಾಲಿ ಮಾಡಿ, ಮತ್ತೆ ಒಳಗೆ ತಳ್ಳಬೇಕು. ಮನೆಯೊಳಗಿನವರಿಗೆ ಅವನ, ಹೆಚ್ಚಾಗಿ ಅವಳ, ಮುಖ ಕಾಣುವುದಿಲ್ಲ. ಕಾಣದಿರಲಿ ಅಂತಲೇ ಆ ಕಿಂಡಿಯನ್ನು ಅಷ್ಟು ಕೆಳಗೆ ಇಟ್ಟದ್ದು.

ಹಳ್ಳಿಯಲ್ಲಿ ಕೇರಿ ಊರಾಚೆ ಇರುತ್ತದೆ. ದಿಕ್ಕು, ದೂರ ಎಲ್ಲರಿಗೂ ಗೊತ್ತು. ನಗರ ಬಂದರೆ ಆ ಗೆರೆ ಅಳಿಸುತ್ತೆ ಅಂತ ನಮ್ಮ ಹಿರಿಯರು ನಂಬಿದ್ದರು, ಬಾಬಾಸಾಹೇಬರೂ ಹಳ್ಳಿ ಬಿಡಿ ಎಂದರು. ಬೆಂಗಳೂರಿನ ಯೋಜಿತ ಬಡಾವಣೆ ಮಾಡಿದ್ದೇನೆಂದರೆ ಊರಾಚೆ ಇದ್ದ ಗೆರೆಯನ್ನು ತಂದು ಪ್ರತಿ ಮನೆಯ ಹಿತ್ತಿಲಿಗೆ ಹಾಕಿತು. ಕೆಲಸಕ್ಕೆ ಅಸ್ಪೃಶ್ಯರು ಬೇಕು, ಒಂದು ದಿನ ಅವರು ಬರದಿದ್ದರೆ ಬಡಾವಣೆ ನಾರುತ್ತದೆ. ಹಾಗಾಗಿ ಅವರಿಗೆ ದಾರಿ ಬೇಕು. ಮನೆ ಬೇಡ. ಆಂಧ್ರದ ಕಡೆಯಿಂದ ಬಂದ ತೆಲುಗು ಮಾತಾಡುವ ಮಾದಿಗ ಕುಟುಂಬಗಳು ಈ ನಗರದ ಜಾಡಮಾಲಿ ಕೆಲಸದ ಬಹುಪಾಲನ್ನು ತಲೆತಲಾಂತರ ಹೊತ್ತವು. ಅವರು ಕೆಲಸ ಮಾಡಿದ ಬಡಾವಣೆಗಳಲ್ಲಿ ಅವರ ಹೆಸರಿನ ಒಂದು ಸೈಟನ್ನು ಹುಡುಕಿ ನೋಡಿ. ಮುನಿಸಿಪಾಲಿಟಿಯ ಕಾಲೋನಿಗಳೆಂದು ಕೊಟ್ಟಲ್ಲೂ ಅದು ಕೆಲಸ ಇರುವವರೆಗಿನ ವಸತಿ. ಅಪ್ಪನ ನೌಕರಿ ಮುಗಿದರೆ ಮನೆ ಉಳಿಸಿಕೊಳ್ಳಲು ಮಗನೂ ಪೊರಕೆ ಹಿಡಿಯಬೇಕು. ನಾವು ಕುಲಕಸುಬು ಅಂತೇವೆ. ಈ ನಗರದಲ್ಲಿ ಅದನ್ನು ಕಾಪಾಡಿದ್ದರಲ್ಲಿ ಶಾಸ್ತ್ರದ ಪಾಲು ಎಷ್ಟೋ, ಕ್ವಾರ್ಟರ್ಸಿನ ಪಾಲೂ ಅಷ್ಟೇ.

ಇಲ್ಲಿ ಕನ್ನಡ ವಿಮರ್ಶೆಗೆ ಒಂದು ಮಾತು ಹೇಳಬೇಕು. ಬಿ. ಬಸವಲಿಂಗಪ್ಪನವರನ್ನು ಸಾಹಿತ್ಯದವರು ನೆನೆಯುವುದು ‘ಬೂಸಾ’ ಎಂಬ ಒಂದು ಪದಕ್ಕಾಗಿ. 1973ರಲ್ಲಿ ಆ ಮಾತಿನಿಂದ ಗಲಾಟೆಯಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು, ದಲಿತ ಚಳವಳಿಗೆ ಅದೊಂದು ಕಿಡಿಯಾಯಿತು. ಇದೆಲ್ಲ ಪಠ್ಯಪುಸ್ತಕದಲ್ಲೂ ಬರುವ ಚರಿತ್ರೆ. ಆದರೆ ದೇವರಾಜ ಅರಸು ಸರ್ಕಾರದಲ್ಲಿ ಇದೇ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾಯಿದೆ ಆ ಮಾತು ಹೇಳಲು 1993 ಆಗಬೇಕಾಯಿತು, ಅದು ಸಾಲದೆ 2013ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು. ಬೂಸಾ ಎಂದದ್ದು ಸಾಹಿತ್ಯದ ವಿಮರ್ಶೆಯಾದರೆ ಮಲ ಹೊರುವುದನ್ನು ನಿಲ್ಲಿಸಿದ್ದು ಮನೆಯ ನಕ್ಷೆಯ ವಿಮರ್ಶೆ. ಎರಡನೆಯದೇ ದೊಡ್ಡದು ಎಂದು ನನಗನ್ನಿಸುತ್ತದೆ. ಆ ಆದೇಶದಿಂದ, ಹಂತ ಹಂತವಾಗಿ ಬಂದ ಒಳಚರಂಡಿಯಿಂದ, ಹಿತ್ತಿಲಿನ ಕಕ್ಕಸು ಮನೆಯೊಳಗೆ ಬಂತು, ಕಿಂಡಿಗೆ ಇಟ್ಟಿಗೆ ಬಿತ್ತು, ಓಣಿಗೆ ಕೆಲಸ ಇಲ್ಲವಾಯಿತು.

ಕೆಲಸ ಇಲ್ಲದ ಓಣಿ ಯಾರದು? ಕಾಗದದಲ್ಲಿ ಸಾರ್ವಜನಿಕ ಜಾಗ. ಕೆಲವನ್ನು ಎರಡೂ ಕಡೆಯ ಮನೆಯವರು ಒಂದೊಂದು ಅಡಿ ಒತ್ತಿಕೊಂಡು ಶೆಡ್ಡು, ಜನರೇಟರು, ನಾಯಿಗೂಡು ಇಟ್ಟರು. ಕೆಲವು ಕಸದ ತಿಪ್ಪೆಯಾದವು, ಕೆಲವು ಕಾರು ನಿಲ್ಲಿಸುವ ಜಾಗ. ಮಲ್ಲೇಶ್ವರದ ಕೆಲವು ಓಣಿಗಳಿಗೆ ನಿವಾಸಿಗಳೇ ಮುತುವರ್ಜಿ ವಹಿಸಿ ಕಲ್ಲು ಹಾಸಿಸಿ, ಗೋಡೆಗಳ ಮೇಲೆ ಚಿತ್ರ ಬರೆಸಿದ್ದಾರೆ. ಚಂದವಾಗಿವೆ, ಇಲ್ಲ ಅನ್ನಲಾರೆ. ಹೂವು, ಹಕ್ಕಿ, ಹಳೆಯ ಮಲ್ಲೇಶ್ವರದ ಮನೆಗಳು ಆ ಗೋಡೆಗಳ ಮೇಲಿವೆ. ಆ ಓಣಿಯಲ್ಲಿ ಮೂರು ತಲೆಮಾರು ಬಕೆಟ್ಟು ಹೊತ್ತು ನಡೆದವಳ ಚಿತ್ರ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಬಡಾವಣೆಗಳು ಈಗ ಮೊದಲ ಸಲ ತುಂಬಿಕೊಳ್ಳುತ್ತಿವೆ ಅಂದುಕೊಳ್ಳುವುದೂ ತಪ್ಪು. ಅಪಾರ್ಟ್‌ಮೆಂಟು ಬರುವುದಕ್ಕೆ ಎಷ್ಟೋ ಮೊದಲೇ ಇವುಗಳ ಹೊಟ್ಟೆ ತುಂಬಿಸಿದ್ದು ವಠಾರ. ಒಬ್ಬ ಮಾಲೀಕ, ಅವನ ದೊಡ್ಡ ಸೈಟು, ಸೈಟಿನ ಹಿಂಭಾಗದಲ್ಲಿ ಸಾಲಾಗಿಯೋ ಎದುರುಬದುರಾಗಿಯೋ ಆರು, ಎಂಟು, ಹತ್ತು ಸಣ್ಣ ಮನೆ. ಒಂದು ಅಡುಗೆ ಕೋಣೆ, ಒಂದು ನಡುಮನೆ. ನಡುವೆ ಒಂದು ಅಂಗಳ, ಅಂಗಳದಲ್ಲಿ ಒಂದು ನಲ್ಲಿ ಅಥವಾ ಬಾವಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಕಕ್ಕಸು, ಬಟ್ಟೆ ಒಗೆಯುವ ಕಲ್ಲು. ಗುಮಾಸ್ತರು, ಮೇಷ್ಟ್ರುಗಳು, ಕಾಲೇಜು ಹುಡುಗರು ಇಲ್ಲಿ ಬದುಕಿ ಬಾಳಿ ಮೇಲೆ ಬಂದರು. ಇವತ್ತಿನ ವಾಸ್ತುಶಿಲ್ಪಿ ನಡುಮಟ್ಟದ ಒತ್ತು ಎಂದು ಏನನ್ನು ಬಣ್ಣಿಸುತ್ತಾನೋ ಅದನ್ನು ಗಾರೆ ಕೆಲಸದ ಮೇಸ್ತ್ರಿಗಳು ಯಾವ ಕಾಲೇಜಿಗೂ ಹೋಗದೆ ಕಟ್ಟಿ ತೋರಿಸಿದ್ದರು. ಹಂಚಿಕೊಂಡ ಗೋಡೆಯಿಂದ ಇಟ್ಟಿಗೆ ಉಳಿತಾಯ, ಹಂಚಿಕೊಂಡ ಅಂಗಳದಿಂದ ಗಾಳಿ ಬೆಳಕು, ಹಂಚಿಕೊಂಡ ನಲ್ಲಿಯಿಂದ ಖರ್ಚು ಕಡಿಮೆ, ಮಕ್ಕಳ ಮೇಲೆ ಹತ್ತು ಕಣ್ಣು.

ವಠಾರದ ಬಗ್ಗೆ ಕನ್ನಡದ ಮಧ್ಯಮವರ್ಗಕ್ಕೆ ಇರುವ ಹಂಬಲ ಸುಳ್ಳಲ್ಲ. ಆದರೆ ವಠಾರ ನಿಂತದ್ದೇ ಹಂಚಿಕೊಳ್ಳುವುದರ ಮೇಲೆ, ಹಂಚಿಕೊಳ್ಳುವುದು ಎಂದ ಕೂಡಲೇ ಜಾತಿ ಎದ್ದು ಕೂರುತ್ತದೆ. ಒಂಟಿ ಬಂಗಲೆಯವನಿಗೆ ಪಕ್ಕದ ಮನೆಯವನ ಜಾತಿ ಗೊತ್ತಿಲ್ಲದಿದ್ದರೂ ನಡೆದೀತು, ಇಬ್ಬರ ನಡುವೆ ಕಾಂಪೌಂಡ್ ಇದೆ. ಒಂದೇ ನಲ್ಲಿಯಲ್ಲಿ ನೀರು ಹಿಡಿಯಬೇಕಾದಲ್ಲಿ, ಒಗ್ಗರಣೆಯ ವಾಸನೆ ಮನೆಯಿಂದ ಮನೆಗೆ ದಾಟುವಲ್ಲಿ, ಅದನ್ನು ಕೇಳಿ ತಿಳಿದುಕೊಂಡೇ ಒಳಗೆ ಬಿಡುತ್ತಾರೆ. ಮನೆ ಹತ್ತಿರವಾದಷ್ಟೂ ಸೋಸುವ ಜರಡಿ ಸಣ್ಣದಾಗುತ್ತದೆ. ಒತ್ತಾಗಿ ಕಟ್ಟಿದರೆ ಜನ ಬೆರೆಯುತ್ತಾರೆ ಎನ್ನುವ ವಾದಕ್ಕೆ ವಠಾರದ ಚರಿತ್ರೆ ಸಾಕ್ಷಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಚೌಡಯ್ಯನ, ಹರಳಯ್ಯನ ಹೆಸರು ಹೇಳಿ ಭಾಷಣ ಮಾಡುವವರಿಗೆ ಕೊರತೆಯಿಲ್ಲ. ಅವರ ಹಿತ್ತಿಲಿನ ಬಾಡಿಗೆ ಮನೆ ಯಾರಿಗೆ ಕೊಟ್ಟಿದ್ದಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕೆಲಸ ಸಿಕ್ಕ ಹೊಸತರಲ್ಲಿ ನಾನೂ ಇಂಥ ಒಂದು ಹಳೇ ಬಡಾವಣೆಯಲ್ಲಿ ಮನೆ ನೋಡಲು ಹೋಗಿದ್ದೆ. ಗೇಟಿಗೆ ಬೋರ್ಡು ನೇತುಹಾಕಿದ್ದರು. ಮನೆಯ ಯಜಮಾನಿ ಒಳ್ಳೆಯ ಹೆಂಗಸೇ, ನೀರು ಕೊಟ್ಟರು. “ಲೆಕ್ಚರರಾ? ಒಳ್ಳೇದಾಯ್ತು. ಊರು ಯಾವ್ದು?” ಎಂದರು. ಚಾಮರಾಜನಗರದ ಕಡೆ ಎಂದೆ. “ಹಾಗಾದ್ರೆ ಲಿಂಗಾಯತ್ರಾ?” ಅಲ್ಲ ಎಂದೆ. “ಗೌಡ್ರಾ?” ಅಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದರು, ಮೂರನೆಯದನ್ನು ಬಾಯಿಬಿಟ್ಟು ಕೇಳಲಿಲ್ಲ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು ಎಂದು ಆಗಲೇ ಮಾತಾಗಿತ್ತು. “ಮಗಳು ಅಳಿಯ ಬರ್ತೀವಿ ಅಂತ ನಿನ್ನೆ ಫೋನ್ ಮಾಡಿದ್ರು ಕಣಪ್ಪ, ಕೊಡೋ ಹಾಗಿಲ್ವೇನೋ” ಎಂದರು. ಬೋರ್ಡು ಇನ್ನೂ ಎರಡು ತಿಂಗಳು ಅಲ್ಲೇ ಇತ್ತು. ಇದರಲ್ಲಿ ವಿಶೇಷ ಏನೂ ಇಲ್ಲ, ಈ ಸಂಚಿಕೆ ಓದುವ ಹತ್ತು ಜನರಲ್ಲಿ ಆರು ಜನರ ಬಳಿ ಇದಕ್ಕಿಂತ ಕೆಟ್ಟದ್ದಿರುತ್ತದೆ. ಬಾಡಿಗೆ ಮನೆಯ ಈ ತಾರತಮ್ಯವನ್ನು ದೆಹಲಿ ಸುತ್ತಮುತ್ತ ಸುಖದೇವ್ ಥೋರಟ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ 2015ರಲ್ಲಿ ಬರೆದರು. 2001ರ ಜನಗಣತಿಯ ವಾರ್ಡು ಅಂಕಿಗಳನ್ನು ಹಿಡಿದು ದೇಶದ ಏಳು ದೊಡ್ಡ ನಗರಗಳನ್ನು ನೋಡಿದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ಬಡವ ಬಲ್ಲಿದ ಎಂಬುದಕ್ಕಿಂತ ಜಾತಿಯ ಮೇಲೇ ನಗರದ ವಾಸ ಹೆಚ್ಚು ಬೇರ್ಪಟ್ಟಿದೆ ಎಂದು ಅದು ತೋರಿಸಿತು. ಬೆಂಗಳೂರು ಆ ಏಳರಲ್ಲಿ ಒಂದು.

ಸ್ವಾತಂತ್ರ್ಯದ ಹೊತ್ತಿಗೆ ಬಡಾವಣೆ ಮಾಡುವ ಕೆಲಸ 1945ರ ಕಾಯಿದೆಯ ಇಂಪ್ರೂವ್‌ಮೆಂಟ್ ಟ್ರಸ್ಟಿಗೆ, ಆಮೇಲೆ 1976ರ ಕಾಯಿದೆಯಿಂದ ಬಿಡಿಎಗೆ ಹೋಯಿತು. ಜಯನಗರ, ರಾಜಾಜಿನಗರ, ಕೋರಮಂಗಲ ಹೀಗೆ ಬಂದವು. ಮೀಸಲಾತಿಯಲ್ಲಿ ನಮ್ಮವರಿಗೂ ಒಂದಷ್ಟು ಸೈಟು ದಕ್ಕಿತು. ನೌಕರಿ ಇದ್ದವರಿಗೆ, ಕಂತು ಕಟ್ಟಬಲ್ಲವರಿಗೆ ಅಂತ ಸೇರಿಸಬೇಕು. ಪಕ್ಕದಲ್ಲೇ ಗೃಹನಿರ್ಮಾಣ ಸಹಕಾರ ಸಂಘಗಳು ಎದ್ದವು, ಅವುಗಳಲ್ಲಿ ಜಾತಿಯ ಸಂಘಗಳೂ ಇದ್ದವು. ಒಂದು ಸಮುದಾಯದವರಿಗಷ್ಟೇ ಸದಸ್ಯತ್ವ ಎಂದು ಸಂಘ ನಿಯಮ ಮಾಡಿಕೊಂಡರೆ ಅದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೊಕದ್ದಮೆ ಅಹಮದಾಬಾದಿನ ಒಂದು ಪಾರ್ಸಿ ಸಂಘದ್ದು. ತೀರ್ಪಿನ ನೆರಳು ಎಷ್ಟು ಉದ್ದ ಎಂದು ಹೇಳಬೇಕಾಗಿಲ್ಲ.

ಪಾರ್ಸಿ ಎಂದಾಗ ಬರೋಡ ನೆನಪಾಗುತ್ತದೆ. 1917ರಲ್ಲಿ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಹೆಸರು ಮರೆಸಿ ಉಳಿದಿದ್ದವರನ್ನು ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಇದು ನಮಗೆಲ್ಲ ಗೊತ್ತು. ನಾವು ಅಷ್ಟಾಗಿ ಯೋಚಿಸದ ಸಂಗತಿ ಇನ್ನೊಂದಿದೆ: ಅವರು ವಾಪಸ್ಸು ಬಂದದ್ದು ಎಲ್ಲಿಗೆ? ಬೊಂಬಾಯಿಯ ಪರೇಲಿನ ಒಂದು ಚಾಳಿಗೆ. ಆ ಚಾಳು ಒಬ್ಬ ಮಾಲೀಕನದ್ದಲ್ಲ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟಿನದು. ಬೊಂಬಾಯಿಗೆ ಪ್ಲೇಗು 1896ರಲ್ಲಿ ಬಂತು, 1898ರಲ್ಲಿ ಟ್ರಸ್ಟು ಬಂತು. ಬೆಂಗಳೂರಿಗೂ ಬೊಂಬಾಯಿಗೂ ಬಂದ ರೋಗ ಒಂದೇ, ಕೊಟ್ಟ ಉತ್ತರ ಬೇರೆ. ಇಲ್ಲಿ ಸೈಟು ಹಂಚಿದರು. ಅಲ್ಲಿ ಸಿರಿವಂತರಿಗೆ ಬೀದಿ, ಸೈಟುಗಳನ್ನು ಮಾಡಿದ್ದರ ಜೊತೆಗೆ ಗಿರಣಿ ಕಾರ್ಮಿಕರ ನಡುವೆ, ಊರ ಒಳಗೇ, ಅಂತಸ್ತಿನ ಚಾಳುಗಳನ್ನೂ ಕಟ್ಟಿದರು. ಆ ಚಾಳಿನ ಎರಡನೇ ಮಹಡಿಯ ಎರಡು ಕೋಣೆಗಳಲ್ಲಿ, 1912ರ ಸುಮಾರಿನಿಂದ 1934ರವರೆಗೆ ಅಂಬೇಡ್ಕರ್ ಸಂಸಾರ ಇತ್ತು. ಸಿಡೆನ್‌ಹ್ಯಾಮ್ ಕಾಲೇಜಿನ ಪ್ರೊಫೆಸರು ಇಳಿದು ಹೋಗುತ್ತಿದ್ದದ್ದು, ಮಹಾಡಕ್ಕೆ, ದುಂಡುಮೇಜಿನ ಪರಿಷತ್ತಿಗೆ ಹೊರಟದ್ದು ಆ ಮೆಟ್ಟಿಲುಗಳಿಂದಲೇ. ಕೋಣೆ ಇಕ್ಕಟ್ಟು, ನಲ್ಲಿ ಕಕ್ಕಸು ಎಲ್ಲರದು. ಅದನ್ನು ಸ್ವರ್ಗ ಎನ್ನಬೇಕಾಗಿಲ್ಲ. ಚಾಳುಗಳಲ್ಲೂ ಜಾತಿಯವರು ಜಾತಿಯವರ ಹತ್ತಿರವೇ ಸೇರಿಕೊಂಡರು. 1920ರ ದಶಕದಲ್ಲಿ ಎದ್ದ ಬಿಡಿಡಿ ಚಾಳುಗಳು 1974ರಲ್ಲಿ ವರ್ಲಿಯ ಗಲಭೆಯನ್ನೂ ನೋಡಿದವು. ಆದರೂ ಒಂದು ವ್ಯತ್ಯಾಸ ಇದೆ. ಬರೋಡದ ಛತ್ರದಲ್ಲಿ ಯಾರು ಇರಬೇಕೆಂದು ಹೇಳಿದ್ದು ದೊಣ್ಣೆ, ಪರೇಲಿನ ಚಾಳಿನಲ್ಲಿ ಹೇಳಿದ್ದು ಬಾಡಿಗೆ ಪುಸ್ತಕ. ದೊಣ್ಣೆಯನ್ನು ಪ್ರಶ್ನಿಸಲು ಬರುವುದಿಲ್ಲ, ಪುಸ್ತಕವನ್ನು ಪ್ರಶ್ನಿಸಬಹುದು.

ಮುಂದೆ ಅವರು ದಾದರಿನ ಹಿಂದೂ ಕಾಲೋನಿಯಲ್ಲಿ ರಾಜಗೃಹ ಕಟ್ಟಿಸಿದರು. ಮೇಲ್ಜಾತಿ ಮಧ್ಯಮವರ್ಗದ ಬಡಾವಣೆಯ ನಡುವೆ, ಪುಸ್ತಕಗಳಿಗೆಂದೇ ಅಳೆದು ಮಾಡಿಸಿದ ಮನೆ. ನೆಲೆಗೊಂಡ ಬಡಾವಣೆಯಲ್ಲಿ ದಲಿತನೊಬ್ಬ ತನ್ನ ಜಾಗ ತುಂಬಿಕೊಂಡ ದೊಡ್ಡ ಉದಾಹರಣೆ ಅದು. ಹಾಗಂತ ಎಲ್ಲರೂ ರಾಜಗೃಹ ಕಟ್ಟಿಸಲಾಗುವುದಿಲ್ಲ, ಚಾಳಿನ ಪ್ರಶ್ನೆ ಉಳಿಯುತ್ತದೆ.

ಬೆಂಗಳೂರಿನಲ್ಲಿ ಚಾಳಿಗೆ ಹತ್ತಿರದ್ದನ್ನು ಮಾಡಿ ನೋಡಿದ್ದು ಈಜಿಪುರದಲ್ಲಿ. ಕೋರಮಂಗಲ ಬಡಾವಣೆ ಬರುವುದಕ್ಕೆ ಮೊದಲು ಕೋರಮಂಗಲ ಒಂದು ಹಳ್ಳಿ, ಈಜಿಪುರ ಒಂದು ಹಳ್ಳಿ, ಹಳ್ಳಿಗಳಿಗೆ ಕೇರಿಗಳಿದ್ದವು. 2007ರಲ್ಲಿ ಪಾಲಿಕೆ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಒಟ್ಟಿಗೆ ನುಂಗಿದಾಗಲೂ ಹೀಗೇ ಆಯಿತು. ಈ ಎಲ್ಲ ಕಡೆ ‘ನೆಲೆಗೊಂಡ ಬಡಾವಣೆ’ಗಿಂತ ಕೇರಿಯೇ ಹಳೆಯದು, ಆದರೆ ಕಾಗದದಲ್ಲಿ ಕೇರಿ ಕೊಳಗೇರಿಯಾಗುತ್ತದೆ, ಬಡಾವಣೆ ಬಡಾವಣೆಯಾಗಿ ಉಳಿಯುತ್ತದೆ. ಈಜಿಪುರದ ಸುಮಾರು 15 ಎಕರೆಯಲ್ಲಿ 1990ರ ದಶಕದ ಮೊದಲಲ್ಲಿ ಆಗಿನ ಪಾಲಿಕೆ 42 ಬ್ಲಾಕುಗಳಲ್ಲಿ 1,500ಕ್ಕೂ ಹೆಚ್ಚು ಮನೆ ಕಟ್ಟಿಸಿತು. ಬಂದವರಲ್ಲಿ ಹೆಚ್ಚಿನವರು ದಲಿತರು, ಮನೆಗೆಲಸದವರು, ಕೂಲಿಯವರು, ಪೌರಕಾರ್ಮಿಕರು. ಜಾಗ ಸರಿಯಾದ ಜಾಗ: ಕೆಲಸ ಮಾಡುವ ಮನೆಗಳು ನಡೆದು ಹೋಗುವಷ್ಟು ಹತ್ತಿರ. ಒತ್ತೂ ಹದವಾದದ್ದು. ಕೆಟ್ಟದ್ದು ಸಿಮೆಂಟು. ಹದಿನೈದು ವರ್ಷ ತುಂಬುವುದರೊಳಗೆ ಬ್ಲಾಕುಗಳು ಕುಸಿಯತೊಡಗಿದವು, ಜನ ತಗಡಿನ ಶೆಡ್ಡಿಗೆ ಬಂದರು. ಆಮೇಲೆ ಒಂದು ಕಂಪನಿಯ ಜೊತೆ ಒಪ್ಪಂದವಾಯಿತು: ಒಂದು ಪಾಲಿನಲ್ಲಿ ಬಡವರ ಮನೆ, ಇನ್ನೊಂದು ಪಾಲಿನಲ್ಲಿ ಮಾಲು. 2013ರ ಜನವರಿಯ ಚಳಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಬುಲ್ಡೋಜರ್ ಓಡಿಸಿ ಸುಮಾರು 1,500 ಕುಟುಂಬಗಳ ಶೆಡ್ಡುಗಳನ್ನು ನೆಲಸಮ ಮಾಡಿದರು. ಬದಲಿಗೆ ತೋರಿಸಿದ್ದು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ. ಜನ ಫುಟ್‌ಪಾತಿನ ಮೇಲೆ ತಿಂಗಳುಗಟ್ಟಲೆ ಮಲಗಿದರು, ಮಕ್ಕಳು ಶಾಲೆ ಬಿಟ್ಟರು. ತೆರವಾದ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಆ ‘ಖಾಲಿ’ ಪದವನ್ನು ಮತ್ತೆ ನೋಡಿ. ಸವಣೂರಿನಲ್ಲಿ 2010ರಲ್ಲಿ ಭಂಗಿ ಕುಟುಂಬಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡಾಗ ನಾಡು ಬೆಚ್ಚಿತು. ನಾವು ಮಲವನ್ನು ಮಾತ್ರ ನೆನಪಿಟ್ಟುಕೊಂಡೆವು. ಅವರು ಪ್ರತಿಭಟಿಸಿದ್ದು ವಸತಿಗಾಗಿ. ಅವರು ತಲೆಮಾರುಗಳಿಂದ ಇದ್ದದ್ದು ಊರ ಒಳಗಿನ ಜಾಗ, ಅದಕ್ಕೆ ಬೆಲೆ ಬಂದಿತ್ತು. ವಾಣಿಜ್ಯ ಮಳಿಗೆ ಕಟ್ಟಲು ಅದನ್ನು ಖಾಲಿ ಮಾಡಬೇಕಿತ್ತು. ಪಟ್ಟಣದ ನಡುವಿನ ಜಾಗವನ್ನು ಚೆನ್ನಾಗಿ ಬಳಸಿಕೊಳ್ಳಬೇಕು ಎಂಬ ಒಳ್ಳೆಯ ಮಾತೇ ಸವಣೂರಿನಲ್ಲಿ ಅವರ ಕುತ್ತಿಗೆಗೆ ಬಂತು.

ಹಾಗಾದರೆ ಮಾಡಬೇಕಾದ್ದೇನು ಎಂದು ಗೆಳೆಯರು ಕೇಳುತ್ತಾರೆ. ವಿಮರ್ಶೆ ಬರೀ ಬೇಡ ಬೇಡ ಅನ್ನಬಾರದು, ನಿಜ. ವರ್ಲಿಯ ಬಿಡಿಡಿ ಚಾಳಿನ 160 ಚದರಡಿಯ ಕೋಣೆಗಳಿಂದ 500 ಚದರಡಿಯ ಫ್ಲ್ಯಾಟುಗಳಿಗೆ ಮೊದಲ 556 ಕುಟುಂಬಗಳು 2025ರ ಆಗಸ್ಟಿನಲ್ಲಿ ಬೀಗದ ಕೈ ಪಡೆದವು. ಇದ್ದ ಜಾಗದಲ್ಲೇ ಮನೆ ಕೊಟ್ಟದ್ದು ಸಣ್ಣ ಮಾತಲ್ಲ, ಆ ಹೋರಾಟಕ್ಕೆ ನಮಸ್ಕಾರ. ಆದರೆ ನಲವತ್ತು ಅಂತಸ್ತು. ಲಿಫ್ಟಿನ ಕರೆಂಟು, ಪಂಪು, ಕಾವಲು, ಇವುಗಳ ಬಿಲ್ಲು ಮುಂದೊಂದು ದಿನ ನಿವಾಸಿಗಳ ಮೇಲೆ ಬರುತ್ತದೆ. ಬಾಡಿಗೆ ಪುಸ್ತಕ ಹೊರಗೆ ತಳ್ಳದವರನ್ನು ಮೇಂಟೆನೆನ್ಸು ತಳ್ಳೀತು. ಮೂರು ನಾಲ್ಕು ಅಂತಸ್ತಿನ ಮನೆ ನಮಗೆ ಬೇಕಾದ್ದು ಇದಕ್ಕೇ. ಮೆಟ್ಟಿಲು ಹತ್ತಿದರೆ ಆಯಿತು. ಟ್ಯಾಂಕು ಕೆಟ್ಟರೆ ಹತ್ತು ಮನೆಯವರು ದುಡ್ಡು ಹಾಕಿ ರಿಪೇರಿ ಮಾಡಿಸಬಹುದು. ಕೆಳಗಿನ ಮನೆಯಲ್ಲಿ ಇಸ್ತ್ರಿ, ಟೈಲರಿಂಗು, ಚಪ್ಪಲಿ ಹೊಲಿಗೆ ನಡೆಯುತ್ತದೆ. ತಾಯಿ ಮಹಡಿಯಿಂದ ಕೂಗಿದರೆ ಅಂಗಳದ ಮಗುವಿಗೆ ಕೇಳಿಸುತ್ತದೆ. ಒಳ್ಳೆಯ ವಿನ್ಯಾಸ ಎಂದರೆ ನನ್ನ ಮಟ್ಟಿಗೆ ಇಷ್ಟು, ಜೊತೆಗೆ ಮನೆಗೊಂದು ನಲ್ಲಿ, ಮನೆಯೊಳಗೇ ಒಂದು ಕಕ್ಕಸು. ನಲ್ಲಿಯನ್ನು ಹಂಚಿಕೊಳ್ಳುವ ಸೌಂದರ್ಯವನ್ನು ವಠಾರದ ಕವಿಗಳಿಗೆ ಬಿಡೋಣ.

ಜಾಗ ಎಲ್ಲಿದೆ ಅನ್ನುವವರಿಗೆ ಓಣಿಯನ್ನು ತೋರಿಸಬೇಕು. ಹತ್ತು ಹದಿನೈದು ಅಡಿಯ ಓಣಿಯ ಮೇಲೆ ಮನೆ ಕಟ್ಟಲಾಗದು, ಗೊತ್ತು. ಆದರೆ ಓಣಿ ದಾರಿಯಾದರೆ ಅದರ ಎರಡೂ ಬದಿಯ ಹಿತ್ತಿಲುಗಳಿಗೆ ಮುಂಬಾಗಿಲು ಸಿಗುತ್ತದೆ. ಕೆನಡಾದ ವ್ಯಾಂಕೂವರಿನಲ್ಲಿ ಮನೆಗಳ ಹಿಂದಿನ ಓಣಿಗೆ ಮುಖಮಾಡಿ ಸಣ್ಣ ಮನೆ ಕಟ್ಟಲು 2009ರಿಂದ ಅನುಮತಿ ಕೊಟ್ಟಿದ್ದಾರೆ, ನಮ್ಮ ಯೋಜಕರೂ ಅದನ್ನು ಉದಾಹರಿಸುತ್ತಾರೆ. ಅಲ್ಲಿನ ಓಣಿಗಳಿಗೆ ನಮ್ಮ ಓಣಿಯ ಚರಿತ್ರೆ ಇಲ್ಲ. ಇಲ್ಲಿ ಅದನ್ನು ಮಾಲೀಕರ ಇಷ್ಟಕ್ಕೆ ಬಿಟ್ಟರೆ ಹಿತ್ತಿಲಲ್ಲಿ ಏಳುವುದು ಮಗನ ಮನೆ, ಪೇಯಿಂಗ್ ಗೆಸ್ಟು, ಹೋಂಸ್ಟೇ. ಗೇಟಿನ ಬೋರ್ಡು ಹಿಂದಿನ ಓಣಿಗೂ ಬರುತ್ತದೆ. ಸಾರ್ವಜನಿಕ ಓಣಿಯಿಂದ ಒಬ್ಬರ ಹಿತ್ತಿಲಿಗೆ ಬೆಲೆ ಬಂದರೆ ಆ ಬೆಲೆಯಲ್ಲಿ ಸಾರ್ವಜನಿಕರಿಗೆ ಪಾಲಿರಬೇಕು. ಓಣಿಗೆ ಬಾಗಿಲು ತೆಗೆಯುವ, ಹೆಚ್ಚು ಅಂತಸ್ತು ಏರಿಸುವ ಅನುಮತಿ ಬೇಕಾದರೆ ಕಟ್ಟಿದ್ದರಲ್ಲಿ ಇಷ್ಟು ಮನೆ ಪಾಲಿಕೆಯ ಬಾಡಿಗೆ ಪುಸ್ತಕಕ್ಕೆ ಸೇರಬೇಕು, ಆ ಪುಸ್ತಕದಲ್ಲಿ ಮೊದಲ ಹೆಸರುಗಳು ಆ ವಾರ್ಡನ್ನು ಗುಡಿಸುವವರದಾಗಿರಬೇಕು, ಹೆಂಗಸರ ಹೆಸರಿನಲ್ಲಿರಬೇಕು, ನೌಕರಿ ಮುಗಿದರೂ ಮನೆ ಉಳಿಯಬೇಕು. 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದು ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ ಲೆಕ್ಕ ಹಾಕಿ ಹೇಳಿತ್ತು. ವಾರ್ಡಿಗೆ ಎಷ್ಟು ಜನ ದುಡಿಯುತ್ತಾರೆ ಎಂಬ ಲೆಕ್ಕ ಇರುವಾಗ ಅವರಲ್ಲಿ ಎಷ್ಟು ಜನ ಆ ವಾರ್ಡಿನಲ್ಲೇ ಮಲಗುತ್ತಾರೆ ಎಂಬ ಲೆಕ್ಕವೂ ಸಿಗಬೇಕಲ್ಲ.

ಇದಕ್ಕೆ ಮೊದಲು ಓಣಿಗಳ ಪಟ್ಟಿ ಬೇಕು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ಕಡತಗಳು ಕಚೇರಿಯಿಂದ ಕಚೇರಿಗೆ ಹೋಗುತ್ತಿವೆ. ಇಂಥ ಹೊತ್ತಿನಲ್ಲೇ ಜಾಗಗಳು ಕಾಣೆಯಾಗುವುದು. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಒಂದೊಂದು ವಾರ್ಡಿನ ಕನ್ಸರ್ವೆನ್ಸಿ ಓಣಿ ಎಷ್ಟು, ಅಳತೆ ಎಷ್ಟು, ಒತ್ತುವರಿ ಯಾರದು ಎಂದು ಕೇಳಬಹುದು. ಕಾಲೇಜುಗಳಲ್ಲಿರುವ ನಮ್ಮ ವಿದ್ಯಾರ್ಥಿಗಳು ಟೇಪು ಹಿಡಿದು ಹೋಗಿ ಅಳೆಯಬಹುದು. ಗೋಡೆಗಳನ್ನು ಹತ್ತಿರದಿಂದ ನೋಡಿದರೆ, ನೆಲದಿಂದ ಒಂದಡಿ ಮೇಲೆ, ಬೇರೆ ಬಣ್ಣದ ಇಟ್ಟಿಗೆಯಿಂದ ಮುಚ್ಚಿದ ಚೌಕಗಳು ಕೆಲವು ಕಡೆ ಇನ್ನೂ ಕಾಣುತ್ತವೆ. ಅವುಗಳನ್ನೂ ಎಣಿಸಿ ಬರೆದುಕೊಳ್ಳಿ.